ಉರಿದರೆ ಮಾತ್ರ ಔಷಧಿಯಾ?

ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ನಮ್ಮ ಅಜ್ಜಿ ಕಾಫಿಪುಡಿ ಒತ್ತುತ್ತಿದ್ದರು. ಅಮ್ಮನದು ಅರಿಶಿನ. ಅಪ್ಪನ ಕೈಗೆ ಸಿಕ್ಕಿಬಿದ್ದರೆ ಟಿಂಚರ್, ಅಂದರೆ ಆಲ್ಕೋಹಾಲ್‌ನಲ್ಲಿ ಕರಗಿಸಿದ ಅಯೋಡಿನ್. ಮೂವರಲ್ಲಿ ಅಪ್ಪನದೇ ಸರಿಯಾದ ವೈದ್ಯ ಅಂತ ನಾನು ಬಹಳ ವರ್ಷ ನಂಬಿದ್ದೆ. ಯಾಕೆಂದರೆ ಟಿಂಚರ್ ಜೀವ ಹೋಗುವಷ್ಟು ಉರಿಯುತ್ತಿತ್ತು. "ಉರೀತಿದೆ ಅಂದ್ರೆ ಕ್ರಿಮಿ ಸಾಯ್ತಿದೆ ಅಂತ, ಸುಮ್ನಿರು" ಅನ್ನುತ್ತಿದ್ದರು ಅಪ್ಪ.

ಉರಿಗೂ ಕ್ರಿಮಿ ಸಾಯುವುದಕ್ಕೂ ಸಂಬಂಧವೇ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಚರ್ಮದ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪ್ರೋಟೀನ್ ಇದೆ. ಹೆಸರು ಟಿಆರ್‌ಪಿವಿ1. ತಾಪ 42 ಡಿಗ್ರಿ ಆಸುಪಾಸಿಗೆ ಏರಿದಾಗ ಅದು "ಸುಡುತ್ತಿದೆ" ಅಂತ ಮೆದುಳಿಗೆ ಸುದ್ದಿ ಕಳಿಸುತ್ತದೆ. ಟಿಂಚರ್‌ನಲ್ಲಿರುವ ಆಲ್ಕೋಹಾಲ್ ತಾಗಿದರೆ ಈ ಗೆರೆ ಸುಮಾರು 34 ಡಿಗ್ರಿಗೆ ಇಳಿದುಬಿಡುತ್ತದೆ. ನಮ್ಮ ಮೈಯ ಬಿಸಿಯೇ 37. ಅಂದರೆ ನಿಮ್ಮದೇ ರಕ್ತದ ಬಿಸಿ ನಿಮಗೆ ಬೆಂಕಿಯ ಹಾಗೆ ಅನಿಸುತ್ತದೆ. ಮೆಣಸಿನಕಾಯಿ ಖಾರ ಉರಿಯುವುದೂ ಇದೇ ಪ್ರೋಟೀನಿನಿಂದ. ಗಾಯದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲದಿದ್ದರೂ ಆಲ್ಕೋಹಾಲ್ ಅಷ್ಟೇ ಉರಿಯುತ್ತದೆ.

ಟಿಂಚರ್ ಬಾಟಲಿ ಈಗ ಮನೆಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ. ಅದರ ಜಾಗಕ್ಕೆ ಡೆಟಾಲ್, ಸ್ಯಾವ್ಲಾನ್, ಬೆಟಾಡಿನ್ ಬಂದಿವೆ. ಕೋವಿಡ್ ನಂತರ ಸ್ಯಾನಿಟೈಸರ್ ಕೂಡ ಸೇರಿತು. ಕೈ ತೊಳೆಯುವ ಸೋಪು, ಒರೆಸುವ ವೈಪ್ಸ್, ನೆಲಕ್ಕೆ ಹಾಕುವ ದ್ರವ, ಎಲ್ಲದರ ಮೇಲೂ "99.9% ಕೀಟಾಣು ನಾಶ" ಅಂತ ಬರೆದಿರುತ್ತದೆ. ಕೊಳ್ಳುವುದು ಜಾಸ್ತಿಯಾಗಿದೆ. ಆದರೆ ಇವು ಏನು ಮಾಡುತ್ತವೆ, ಏನು ಮಾಡಲಾರವು ಅನ್ನುವ ತಿಳಿವಳಿಕೆ ಟಿಂಚರ್ ಕಾಲದಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇದೆ.

ನನಗೆ ಅರ್ಥವಾಗಿರುವುದು ಇಷ್ಟು: ಯಾವ ಆಂಟಿಸೆಪ್ಟಿಕ್ ಕೂಡ ಗಾಯವನ್ನು ಪೂರ್ತಿ ಕ್ರಿಮಿಮುಕ್ತ ಮಾಡುವುದಿಲ್ಲ. ಕ್ರಿಮಿಗಳ ಲೆಕ್ಕ ಇಳಿಸಿ, ಮೈಗೆ ಕೆಲವು ಗಂಟೆಗಳ ಪುರುಸೊತ್ತು ಕೊಡುತ್ತದೆ. ಉಳಿದ ಕೆಲಸ ಮಾಡುವುದು ನಮ್ಮ ರಕ್ತ. ಈ ಒಂದು ವಿಷಯ ತಲೆಯಲ್ಲಿದ್ದರೆ ಯಾವ ಬಾಟಲಿಯನ್ನು ಯಾವಾಗ ತೆಗೆಯಬೇಕು, ಯಾವಾಗ ಮುಟ್ಟಬಾರದು ಅನ್ನುವುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ನಂಜು ಒಂದು ಲೆಕ್ಕ

ನಮ್ಮ ಚರ್ಮದ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಸಾವಿರಗಳಿಂದ ಲಕ್ಷಗಳವರೆಗೆ ಬ್ಯಾಕ್ಟೀರಿಯಾ ವಾಸ ಮಾಡುತ್ತಿರುತ್ತವೆ. ಹೆಚ್ಚಿನವು ಪಾಪದವು. ಕೀವು ತರಿಸುವುದರಲ್ಲಿ ಎತ್ತಿದ ಕೈ ಅನಿಸಿಕೊಂಡ ಸ್ಟಫೈಲೊಕಾಕಸ್ ಆರಿಯಸ್ ಕೂಡ ಹತ್ತರಲ್ಲಿ ಮೂರು ಜನರ ಮೂಗಿನೊಳಗೆ ತಣ್ಣಗೆ ಕೂತಿರುತ್ತದೆ. ಚರ್ಮ ಗಟ್ಟಿ ಬೇಲಿ. ಗಾಯ ಅಂದರೆ ಆ ಬೇಲಿ ಮುರಿದ ಜಾಗ. ಕೊಯ್ದ ಬೆರಳಿನೊಳಗೆ ಪ್ರತಿ ಸಲವೂ ಬ್ಯಾಕ್ಟೀರಿಯಾ ಹೋಗಿಯೇ ಹೋಗುತ್ತವೆ. ಆದರೆ ಪ್ರತಿ ಗಾಯವೂ ನಂಜಾಗುವುದಿಲ್ಲ. ಯಾಕೆ?

1957ರಲ್ಲಿ ಎಲೆಕ್ ಮತ್ತು ಕಾನೆನ್ ಎಂಬ ಇಬ್ಬರು ಸಂಶೋಧಕರು ಇದನ್ನು ಎಣಿಸಿಯೇ ನೋಡಿದರು. ಒಪ್ಪಿ ಮುಂದೆ ಬಂದವರ ಚರ್ಮದೊಳಗೆ ಈ ಸ್ಟಫೈಲೊಕಾಕಸ್ ಅನ್ನು ಲೆಕ್ಕ ಹಾಕಿ ಚುಚ್ಚಿದರು. (ಇವತ್ತು ಇಂಥ ಪ್ರಯೋಗಕ್ಕೆ ಅನುಮತಿ ಸಿಗುವುದು ಕಷ್ಟ ಬಿಡಿ.) ಆರೋಗ್ಯವಂತ ಚರ್ಮದಲ್ಲಿ ಕೀವು ಬರಿಸಲು ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಅದೇ ಜಾಗದಲ್ಲಿ ಹೊಲಿಗೆಯ ರೇಷ್ಮೆ ದಾರವೊಂದನ್ನು ಬಿಟ್ಟರೆ ಕೆಲವು ನೂರು ಸಾಕಾದವು. ಬ್ಯಾಕ್ಟೀರಿಯಾ ಅದೇ, ಮನುಷ್ಯನೂ ಹಾಗೇ. ಒಳಗೆ ಉಳಿದ ಒಂದು ತುಂಡು ದಾರ ಲೆಕ್ಕವನ್ನು ಸುಮಾರು ಹತ್ತು ಸಾವಿರ ಪಟ್ಟು ಕೆಳಗಿಳಿಸಿತು.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ದಾರದ ಜಾಗದಲ್ಲಿ ಬೈಕಿನಿಂದ ಬಿದ್ದಾಗ ಮೊಣಕಾಲಿಗೆ ಹೊಕ್ಕ ಜಲ್ಲಿಪುಡಿಯನ್ನು ಇಟ್ಟು ನೋಡಿ. ಮಣ್ಣು, ಮುಳ್ಳಿನ ಚೂರು, ಸತ್ತ ಚರ್ಮ, ಹೆಪ್ಪುಗಟ್ಟಿದ ರಕ್ತ, ಎಲ್ಲವೂ ಬ್ಯಾಕ್ಟೀರಿಯಾಗಳಿಗೆ ಅಡಗುವ ಜಾಗ. ಬಿಳಿ ರಕ್ತಕಣಗಳು ಆ ಸಂದಿಗೆ ಸರಿಯಾಗಿ ತಲುಪುವುದಿಲ್ಲ. ಮೇಲೆ ಸುರಿದ ಔಷಧಿಯೂ ತಲುಪುವುದಿಲ್ಲ. ಹಾಗಾಗಿ ಮೊದಲು ಕೊಳೆ ಹೊರಗೆ ಹೋಗಬೇಕು, ಔಷಧಿಯ ಮಾತು ಆಮೇಲೆ. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಲ್ಲಿ ಗಾಯ ತೊಳೆದರೆ ನಂಜಿನ ಪ್ರಮಾಣ ಆಸ್ಪತ್ರೆಯ ಸಲೈನ್‌ನಲ್ಲಿ ತೊಳೆದಾಗಿನಕ್ಕಿಂತ ಹೆಚ್ಚಾಗುವುದಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದವರು ಹೇಳಿದ್ದಾರೆ. ಧಾರೆಯಾಗಿ ಬೀಳುವ ನೀರಿನ ಕೆಳಗೆ ಐದು ನಿಮಿಷ ಮೊಣಕಾಲು ಹಿಡಿಯುವುದು ಬೇಸರದ ಕೆಲಸ. ಅದರಲ್ಲಿ ಉರಿಯೂ ಇಲ್ಲ, ಬಣ್ಣವೂ ಇಲ್ಲ, ಆಸ್ಪತ್ರೆಯ ವಾಸನೆಯೂ ಇಲ್ಲ. ಅದಕ್ಕೇ ನಮಗೆ ಅದು ಚಿಕಿತ್ಸೆ ಅನಿಸುವುದೇ ಇಲ್ಲ.

ಈಗ ಅಜ್ಜಿಯ ಕಾಫಿಪುಡಿ. ರಕ್ತ ನಿಂತದ್ದು ನಿಜ. ನಿಲ್ಲಿಸಿದ್ದು ಬಹುಮಟ್ಟಿಗೆ ಅವರ ಹೆಬ್ಬೆರಳಿನ ಒತ್ತು. ಪುಡಿ ಅಲ್ಲೇ ಉಳಿದು ಆ ರೇಷ್ಮೆ ದಾರದ ಕೆಲಸ ಮಾಡುತ್ತದೆ. ಹೊಲಿಗೆ ಹಾಕುವ ವೈದ್ಯರು ಮೊದಲು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ. ಅರಿಶಿನದ ಕಥೆ ಸ್ವಲ್ಪ ಬೇರೆ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಅಡುಗೆಮನೆ ಡಬ್ಬಿಯ ಅರಿಶಿನ ಮಣ್ಣಿನಡಿ ಬೆಳೆದ ಗೆಡ್ಡೆ. ಬೇಯಿಸಿ ಒಣಗಿಸಿದರೂ ಸಾಯದ ಬ್ಯಾಕ್ಟೀರಿಯಾ ಸ್ಪೋರ್‌ಗಳು (ಗಟ್ಟಿ ಕವಚ ಹೊದ್ದು ಮಲಗಿದ ರೂಪ) ಅದರಲ್ಲಿ ಇರುತ್ತವೆ. ಸಾರಿಗೆ ಹಾಕಲು ತೊಂದರೆಯಿಲ್ಲ. ತೆರೆದ ಗಾಯಕ್ಕೆ ಬೇಡ.

ಇನ್ನು ಆ 99.9%. ಕೇಳಲು ಹೆಚ್ಚುಕಡಿಮೆ ನೂರಕ್ಕೆ ನೂರು ಅನಿಸುತ್ತದೆ, ಅಲ್ವಾ? ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದವು ಅಂದುಕೊಳ್ಳಿ. 99.9% ಸತ್ತರೆ ಉಳಿಯುವುದು ಒಂದು ಸಾವಿರ. ಒಳ್ಳೆಯ ಊಟ, ಹಿತವಾದ ಬಿಸಿ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಸಾವಿರ ಎರಡು ಸಾವಿರ, ಎರಡು ನಾಲ್ಕು... ಹತ್ತು ಸಲ ಇಮ್ಮಡಿಯಾದರೆ ಮತ್ತೆ ಹತ್ತು ಲಕ್ಷ. ಅದಕ್ಕೆ ಹಿಡಿಯುವುದು ಮೂರು ಗಂಟೆ ಇಪ್ಪತ್ತು ನಿಮಿಷ. ಹಾಗಾದರೆ ಔಷಧಿ ಹಾಕಿದ್ದು ದಂಡವೇ? ಅಲ್ಲ. ಗಾಯವಾದ ಮೊದಲ ಕೆಲವು ಗಂಟೆಗಳಲ್ಲೇ ಬಿಳಿ ರಕ್ತಕಣಗಳು ಆ ಜಾಗಕ್ಕೆ ಮುತ್ತುತ್ತವೆ. ಅವು ಬಂದಾಗ ಎದುರಿಗೆ ಹತ್ತು ಲಕ್ಷ ಇರಬೇಕೋ, ಸಾವಿರ ಇರಬೇಕೋ ಅನ್ನುವುದನ್ನು ಆಂಟಿಸೆಪ್ಟಿಕ್ ತೀರ್ಮಾನಿಸುತ್ತದೆ.

ಬಾಟಲಿಯೊಳಗಿನ ಜಗಳ

ಆಲ್ಕೋಹಾಲ್ ಕೊಲ್ಲುವುದು ಪ್ರೋಟೀನನ್ನು ಕೆಡಿಸಿ. ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಒಡೆಯುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ. ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯೂ ಕರಗುತ್ತದೆ. ಒಂದು ವಿಚಿತ್ರ: ನೂರಕ್ಕೆ ನೂರು ಶುದ್ಧ ಆಲ್ಕೋಹಾಲ್‌ಗಿಂತ ನೀರು ಬೆರೆತ 70% ಆಲ್ಕೋಹಾಲ್ ಚೆನ್ನಾಗಿ ಕೊಲ್ಲುತ್ತದೆ. ಪ್ರೋಟೀನ್ ಬಿಚ್ಚಿಕೊಳ್ಳಲು ನೀರು ಬೇಕು. ಶುದ್ಧ ಆಲ್ಕೋಹಾಲ್ ನೀರನ್ನೆಲ್ಲ ಹೀರಿ, ಹೊರಗಿನ ಪದರವನ್ನು ಮಾತ್ರ ಗಟ್ಟಿಮಾಡಿ, ಬೇಗ ಆರಿಹೋಗುತ್ತದೆ. 60ರಿಂದ 90% ಒಳಗಿದ್ದರೆ ಕೆಲಸ ಚೆನ್ನ. 50ಕ್ಕಿಂತ ಕೆಳಗೆ ಇಳಿದರೆ ಅದರ ಬಲ ತಟ್ಟನೆ ಕುಸಿಯುತ್ತದೆ. 2020ರಲ್ಲಿ ಸ್ಯಾನಿಟೈಸರ್‌ಗೆ ನೀರು ಬೆರೆಸಿ "ಉಳಿತಾಯ" ಮಾಡಿದವರು ಬರೀ ವಾಸನೆಯ ನೀರು ಹಚ್ಚಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆಯ ಸ್ಯಾನಿಟೈಸರ್ ಸೂತ್ರದಲ್ಲಿ 80% ಎಥನಾಲ್ (ಆಲ್ಕೋಹಾಲ್) ಜೊತೆಗೆ 0.125% ಹೈಡ್ರೋಜನ್ ಪೆರಾಕ್ಸೈಡ್ ಇದೆ. ಅದು ನಿಮ್ಮ ಕೈಗಾಗಿ ಅಲ್ಲ. ಬಾಟಲಿಯಲ್ಲೇ ಸೇರಿಕೊಂಡಿರಬಹುದಾದ ಸ್ಪೋರ್‌ಗಳನ್ನು ಕೊಲ್ಲಲು. ಆಲ್ಕೋಹಾಲ್ ಸ್ಪೋರ್‌ಗಳನ್ನು ಏನೂ ಮಾಡಲಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಔಷಧಿಯೊಳಗೇ ಅದನ್ನು ಕಾಯಲು ಇನ್ನೊಂದು ಔಷಧಿ.

ಅಯೋಡಿನ್ ದಾರಿ ಬೇರೆ. ಅದರ ಅಣುಗಳು ಬ್ಯಾಕ್ಟೀರಿಯಾದೊಳಗೆ ನುಗ್ಗಿ ಸಿಕ್ಕಿದ ಪ್ರೋಟೀನು, ಕೊಬ್ಬು, ಎಲ್ಲವನ್ನೂ ಆಕ್ಸಿಡೀಕರಿಸಿ ಕೆಡಿಸುತ್ತವೆ. ಒಂದೇ ಗುರಿಯಲ್ಲ, ಕಂಡಕಂಡಲ್ಲಿ ಹೊಡೆತ. ಅದಕ್ಕೇ ಇದರ ವಿರುದ್ಧ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಂಡದ್ದು ತೀರ ಅಪರೂಪ. ಹಳೆಯ ಟಿಂಚರ್‌ನಲ್ಲಿ ಅಯೋಡಿನ್ ಬಿಡಿಯಾಗಿ ಆಲ್ಕೋಹಾಲ್‌ನಲ್ಲಿ ಕರಗಿರುತ್ತಿತ್ತು. ಹಾಗಾಗಿ ಚರ್ಮವೂ ಸುಡುತ್ತಿತ್ತು. ಬೆಟಾಡಿನ್‌ನಂಥ ಪೊವಿಡೋನ್ ಅಯೋಡಿನ್‌ನಲ್ಲಿ ಅದನ್ನು ಒಂದು ಉದ್ದ ಪಾಲಿಮರ್‌ಗೆ ಕಟ್ಟಿಹಾಕಿದ್ದಾರೆ. ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ತಮಾಷೆ ಎಂದರೆ 10% ದ್ರಾವಣಕ್ಕೆ ನೀರು ಬೆರೆಸಿದರೆ ಕಟ್ಟು ಸಡಿಲಾಗಿ ಬಿಡಿ ಅಯೋಡಿನ್ ಮೊದಲಿಗಿಂತ ಜಾಸ್ತಿಯಾಗುತ್ತದೆ, ಕೊಲ್ಲುವ ವೇಗವೂ ಹೆಚ್ಚುತ್ತದೆ. ಹಾಗಂತ ಮನೆಯಲ್ಲಿ ಬೆರೆಸಲು ಹೋಗಬೇಡಿ. ತೆಳುವಾದದ್ದು ರಕ್ತ, ಕೀವು ತಾಗಿದ ಕೂಡಲೇ ಖರ್ಚಾಗಿಬಿಡುತ್ತದೆ. ಕಂದು ಬಣ್ಣ ಮಾಸಿದರೆ ಅಯೋಡಿನ್ ಮುಗಿಯಿತು ಅಂತಲೇ ಲೆಕ್ಕ. ಇನ್ನೊಂದು ಮಾತು: ಹಚ್ಚಿ ತಕ್ಷಣ ಒರೆಸಿದರೆ ದಂಡ. ಎರಡು ಮೂರು ನಿಮಿಷ ಅದು ತಾನಾಗಿ ಆರಬೇಕು. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ಮತ್ತು ನವಜಾತ ಶಿಶುಗಳಿಗೆ ಇದನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ಬಳಸುವುದು ಸರಿಯಲ್ಲ. ಚರ್ಮದ ಮೂಲಕ ಅಯೋಡಿನ್ ಒಳಗೆ ಹೋಗುತ್ತದೆ.

ಸ್ಯಾವ್ಲಾನ್ ದ್ರವದಲ್ಲಿರುವುದು ಕ್ಲೋರ್‌ಹೆಕ್ಸಿಡಿನ್ ಮತ್ತು ಸೆಟ್ರಿಮೈಡ್. ಎರಡರ ಅಣುಗಳೂ ಧನ ವಿದ್ಯುದಂಶದವು. ಬ್ಯಾಕ್ಟೀರಿಯಾದ ಮೈ ಋಣ ವಿದ್ಯುದಂಶದ್ದು. ಹಾಗಾಗಿ ಅಯಸ್ಕಾಂತದಂತೆ ಹೋಗಿ ಅಂಟಿಕೊಂಡು ಪೊರೆಯನ್ನು ತೂತು ಮಾಡುತ್ತವೆ, ಒಳಗಿನ ರಸ ಸೋರಿಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್‌ನ ದೊಡ್ಡ ಗುಣ ಅದು ಚರ್ಮಕ್ಕೂ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮುಂದುವರಿಸುವುದು. ಆಲ್ಕೋಹಾಲ್ ಆರಿದ ಮೇಲೆ ಮುಗಿಯಿತು, ಇದು ಹಾಗಲ್ಲ. ಆದರೆ ಸೋಪಿನ ಅಣುಗಳು ಋಣ ವಿದ್ಯುದಂಶದವು. ಸೋಪಿನ ನೊರೆ ಉಳಿದಿರುವ ಜಾಗಕ್ಕೆ ಸ್ಯಾವ್ಲಾನ್ ಹಾಕಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ಕೂರುತ್ತವೆ. ಬ್ಯಾಕ್ಟೀರಿಯಾಗೆ ರಜೆ. ದಂತವೈದ್ಯರು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಾಗ "ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ" ಎನ್ನುವುದು ಇದಕ್ಕೇ. ಕಣ್ಣಿಗೆ, ಪರದೆ ತೂತಾದ ಕಿವಿಗೆ ಇದು ಹೋಗಬಾರದು. ಕಿವಿ ಕೇಳದಂತಾಗುವ ಅಪಾಯ ಇದೆ.

ಡೆಟಾಲ್‌ನಲ್ಲಿರುವುದು ಕ್ಲೋರೋಕ್ಸೈಲೆನಾಲ್, 4.8%. ನೀರಿಗೆ ಬಿದ್ದ ತಕ್ಷಣ ಅದು ಹಾಲಿನಂತೆ ಬೆಳ್ಳಗಾಗುವುದನ್ನು ನೋಡಿ "ಏನೋ ಆಗ್ತಿದೆ" ಅನಿಸುತ್ತದೆ. ಆಗುವುದು ಇಷ್ಟೇ: ಕ್ಲೋರೋಕ್ಸೈಲೆನಾಲ್ ಮತ್ತು ಅದರ ಜೊತೆಗಿರುವ ಪೈನ್ ಎಣ್ಣೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸಣ್ಣ ಸಣ್ಣ ಹನಿಗಳಾಗಿ ತೇಲುತ್ತವೆ, ಬೆಳಕು ಚದುರುತ್ತದೆ. ನೀರು ಬೆರೆಸದೆ ನೇರವಾಗಿ ಗಾಯಕ್ಕೆ ಸುರಿದರೆ ಚರ್ಮ ಸುಟ್ಟಂತಾಗುತ್ತದೆ. ಲೇಬಲ್ ಮೇಲೆ ಹೇಳಿದಷ್ಟು ನೀರು ಬೇಕೇ ಬೇಕು. ಮನೆಯಲ್ಲಿ ಬೆಕ್ಕಿದ್ದರೆ ಅದರ ಮೈಗೆ ಮಾತ್ರ ಹಾಕಬೇಡಿ, ಬೆಕ್ಕುಗಳಿಗೆ ಇದು ವಿಷ.

ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಒಂದೇ ಮಾತು. ಗಾಯದ ಮೇಲೆ ಬುಸಬುಸ ನೊರೆ ಬರುವುದು ನಿಮ್ಮದೇ ರಕ್ತ ಮತ್ತು ಜೀವಕೋಶಗಳಲ್ಲಿರುವ ಕೆಟಲೇಸ್ ಎಂಬ ಕಿಣ್ವ ಅದನ್ನು ಒಡೆಯುವುದರಿಂದ. ಕ್ರಿಮಿ ಸಾಯುತ್ತಿರುವ ಸದ್ದು ಅದಲ್ಲ.

ವಿಯೆನ್ನಾದ ಕೈ, ಗ್ಲಾಸ್ಗೋದ ಕಾಲು

ನಮ್ಮಲ್ಲಿ ಬಾಣಂತಿ ನಂಜು ಅನ್ನುವ ಮಾತಿದೆ. 1840ರ ದಶಕದಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸತ್ತರು. ಸೂಲಗಿತ್ತಿಯರ ವಾರ್ಡಿನಲ್ಲಿ ಮೂರಕ್ಕಿಂತ ಕಡಿಮೆ. ಊರ ಹೆಂಗಸರಿಗೆ ಇದು ಗೊತ್ತಿತ್ತು, ಎರಡನೇ ವಾರ್ಡಿಗೇ ಹಾಕಿ ಅಂತ ಅಂಗಲಾಚುತ್ತಿದ್ದರು. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯನಿಗೆ ಕಾರಣ ಹೊಳೆದದ್ದು 1847ರಲ್ಲಿ, ಶವ ಪರೀಕ್ಷೆ ವೇಳೆ ಚಾಕು ತಾಗಿದ ಗೆಳೆಯನೊಬ್ಬ ಅದೇ ಲಕ್ಷಣಗಳಿಂದ ಸತ್ತಾಗ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಆತ ಬ್ಲೀಚಿಂಗ್ ಪೌಡರ್ ಜಾತಿಯ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. 1848ರಲ್ಲಿ ಅದೇ ವಾರ್ಡಿನ ಸಾವು 1.3% ಆಸುಪಾಸಿಗೆ ಇಳಿಯಿತು. ಆಗ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಹೆಣದ ವಾಸನೆ ಹೋಗುತ್ತದೆ ಅಂತ ಕ್ಲೋರಿನ್ ಆರಿಸಿದ್ದ, ಅಷ್ಟೇ. ಕೈ ಕೊಳಕು ಅಂದರೆ ದೊಡ್ಡ ವೈದ್ಯರಿಗೆ ಸಿಟ್ಟು ಬಂತು. ಅವನ ಮಾತು ಬಹಳ ಕಾಲ ನಡೆಯಲಿಲ್ಲ. 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ, ನಂಜಾದ ಗಾಯದಿಂದಲೇ ಅವನು ತೀರಿಕೊಂಡ.

ಅದೇ ತಿಂಗಳು, ಅದೇ ವರ್ಷ. 1865ರ ಆಗಸ್ಟ್. ಗ್ಲಾಸ್ಗೋದಲ್ಲಿ ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನೊಬ್ಬನನ್ನು ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಬಳಿ ತಂದರು. ಮುರಿದ ಜಾಗದ ಹತ್ತಿರ ಚರ್ಮ ಹರಿದು ಗಾಯ ತೆರೆದಿತ್ತು. ಅಂಥ ಕಾಲನ್ನು ಆಗ ಕತ್ತರಿಸುವುದೇ ರೂಢಿ. ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಅಂತ ತೋರಿಸಿದ ಪಾಶ್ಚರ್‌ನ ಕೆಲಸವನ್ನು ಲಿಸ್ಟರ್ ಓದಿದ್ದ. ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ನೀರಿನ ನಾತ ಹೋಗಲು ಕಾರ್ಬಾಲಿಕ್ ಆಸಿಡ್ ಬಳಸುತ್ತಿದ್ದದ್ದೂ ಗೊತ್ತಿತ್ತು. ಬಟ್ಟೆಯನ್ನು ಅದರಲ್ಲಿ ಅದ್ದಿ ಗಾಯಕ್ಕೆ ಕಟ್ಟಿದ. ಆರು ವಾರದಲ್ಲಿ ಮೂಳೆ ಕೂಡಿತು, ಕಾಲು ಉಳಿಯಿತು. ಲಿಸ್ಟರ್ ವಾರ್ಡಿನಲ್ಲಿ ಅಂಗ ಕತ್ತರಿಸಿಕೊಂಡವರ ಸಾವು 46%ರಿಂದ 15%ಕ್ಕೆ ಬಂತು. ಈ ಕಾರ್ಬಾಲಿಕ್ ಆಸಿಡ್ ಎಂದರೆ ಫೀನಾಲ್. ನಾವು ಬಚ್ಚಲಿಗೆ ಹಾಕುವ ಕಪ್ಪು ಫಿನಾಯಿಲ್ ಅದರದೇ ಬಳಗ. ಡೆಟಾಲ್‌ನ ಕ್ಲೋರೋಕ್ಸೈಲೆನಾಲ್ ಕೂಡ ಅದೇ ಮನೆತನದ ಸೌಮ್ಯ ಮೊಮ್ಮಗ.

ಸೌಮ್ಯವಾದದ್ದು ಬೇಕಾಗಿತ್ತು, ಯಾಕೆಂದರೆ ಆಗಿನ ಔಷಧಿಗಳು ಕೈಯನ್ನೇ ತಿನ್ನುತ್ತಿದ್ದವು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರ ಕೈ ಆಂಟಿಸೆಪ್ಟಿಕ್‌ನಿಂದ ಹುಣ್ಣಾಗುತ್ತಿತ್ತು. ಸರ್ಜನ್ ಹಾಲ್ಸ್‌ಟೆಡ್ ಆಕೆಗಾಗಿ ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟ. ಇಂದು ರೋಗಿಯನ್ನು ಕಾಪಾಡುವ ಗ್ಲೌಸ್ ಹುಟ್ಟಿದ್ದು ನರ್ಸಿನ ಕೈ ಕಾಪಾಡಲು. (1890ರಲ್ಲಿ ಇಬ್ಬರೂ ಮದುವೆಯಾದರು.)

ನನಗೆ ಲಿಸ್ಟರ್‌ಗಿಂತಲೂ ಕುತೂಹಲ ಹುಟ್ಟಿಸುವುದು ಮುಂದಿನ ಅಧ್ಯಾಯ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಗಳಿಗೆ ಆಂಟಿಸೆಪ್ಟಿಕ್ ಧಾರಾಳವಾಗಿ ಸುರಿದರು. ಆದರೂ ನಂಜಾಗಿ ಸಾಯುವುದು ನಿಲ್ಲಲಿಲ್ಲ. ಫ್ರಾನ್ಸಿನ ಬುಲೋನ್‌ನಲ್ಲಿದ್ದ ಸೇನಾ ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯ ಇದನ್ನು ನೋಡುತ್ತಿದ್ದ. ಗಾಜಿನ ನಳಿಗೆಯನ್ನು ಕಾಯಿಸಿ ಎಳೆದು, ಅದರ ಗೋಡೆಯಲ್ಲಿ ಮುಳ್ಳಿನಂಥ ಸಂದಿಗಳನ್ನು ಮಾಡಿದ. ಗುಂಡಿನ ಚೂರು ಹೊಕ್ಕ ಗಾಯದ ಆಕಾರ ಹಾಗೇ ತಾನೇ ಇರುತ್ತದೆ? ಅದಕ್ಕೆ ಬ್ಯಾಕ್ಟೀರಿಯಾ ತುಂಬಿದ ದ್ರವ ಹಾಕಿ ಚೆಲ್ಲಿದ. ಆಂಟಿಸೆಪ್ಟಿಕ್ ತುಂಬಿ ಚೆಲ್ಲಿದ. ಆಮೇಲೆ ಹೊಸ ದ್ರವ ಹಾಕಿ ಬೆಚ್ಚಗೆ ಇಟ್ಟ. ಮತ್ತೆ ಬ್ಯಾಕ್ಟೀರಿಯಾ ತುಂಬಿಕೊಂಡಿತು. ಔಷಧಿ ಸಂದಿಗಳಿಗೆ ತಲುಪಿರಲೇ ಇಲ್ಲ. ಅಷ್ಟೇ ಅಲ್ಲ, ಆ ಔಷಧಿಗಳು ಬ್ಯಾಕ್ಟೀರಿಯಾಗಿಂತ ಬೇಗ ಬಿಳಿ ರಕ್ತಕಣಗಳನ್ನು ಕೊಲ್ಲುತ್ತಿದ್ದವು. ಆಳವಾದ ಗಾಯದಲ್ಲಿ ಆಂಟಿಸೆಪ್ಟಿಕ್ ಉಪಕಾರಕ್ಕಿಂತ ಅಪಕಾರವನ್ನೇ ಜಾಸ್ತಿ ಮಾಡುತ್ತಿದೆ, ಸತ್ತ ಮಾಂಸ ತೆಗೆದು ಸಲೈನ್‌ನಲ್ಲಿ ತೊಳೆಯಿರಿ ಅಂತ ಅವನು, ಅವನ ಗುರು ಆಲ್ಮ್‌ರೋತ್ ರೈಟ್ ಇಬ್ಬರೂ ವಾದಿಸಿದರು. ಕೇಳಿದವರು ಕಡಿಮೆ. ಆ ಯುವ ವೈದ್ಯನ ಹೆಸರು ಅಲೆಕ್ಸಾಂಡರ್ ಫ್ಲೆಮಿಂಗ್. ಬ್ಯಾಕ್ಟೀರಿಯಾವನ್ನು ಕೊಂದು ರಕ್ತಕಣವನ್ನು ಬಿಡುವ ವಸ್ತು ಬೇಕು ಅನ್ನುವ ಹುಡುಕಾಟ ಅವನ ತಲೆಯಲ್ಲಿ ಉಳಿಯಿತು. 1928ರಲ್ಲಿ ಪೆನಿಸಿಲಿನ್ ಅವನ ಕಣ್ಣಿಗೆ ಬಿದ್ದದ್ದು ಬರೀ ಅದೃಷ್ಟ ಅಂತ ನನಗನಿಸುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸೋಫ್ರಾಮೈಸಿನ್, ನಿಯೋಸ್ಪೋರಿನ್ ಟ್ಯೂಬುಗಳು ಪೆನಿಸಿಲಿನ್‌ನ ಈ ದಾರಿಯವು. ಅವು ಆಂಟಿಸೆಪ್ಟಿಕ್ ಅಲ್ಲ, ಆಂಟಿಬಯೋಟಿಕ್. ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ಭಾಗಕ್ಕೆ ಗುರಿಯಿಡುತ್ತವೆ. ಹಾಗಾಗಿ ಪ್ರತಿರೋಧ ಬೆಳೆಯುವುದೂ ಸುಲಭ. ಸಣ್ಣ ತರಚು ಗಾಯಕ್ಕೆಲ್ಲ ಅವನ್ನು ಬಳಿಯುವ ಅಭ್ಯಾಸ ಬಿಡುವುದು ಒಳ್ಳೆಯದು.

ಆಪರೇಷನ್ ಥಿಯೇಟರ್, ಬೀದಿನಾಯಿ

ಆಂಟಿಸೆಪ್ಟಿಕ್ ತನ್ನ ಸಂಬಳಕ್ಕೆ ತಕ್ಕ ಕೆಲಸ ಮಾಡುವುದು ಇನ್ನೂ ಮುರಿಯದ ಚರ್ಮದ ಮೇಲೆ. ಚಾಕು ಇಡುವ ಮೊದಲು ಬೇಲಿಯ ಮೇಲಿನ ಲೆಕ್ಕ ಇಳಿಸುವುದು. ಆಗಲೂ ಕೂದಲಿನ ಬುಡದಲ್ಲಿ, ಬೆವರಿನ ರಂಧ್ರದಲ್ಲಿ ಇರುವವು ತಪ್ಪಿಸಿಕೊಳ್ಳುತ್ತವೆ.

ಇಲ್ಲಿ ಯಾವುದು ಶ್ರೇಷ್ಠ ಅನ್ನುವ ಜಗಳ ಇನ್ನೂ ಮುಗಿದಿಲ್ಲ. 2010ರಲ್ಲಿ ಅಮೆರಿಕದ ಒಂದು ಅಧ್ಯಯನ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಬಳಸಿದವರಲ್ಲಿ 9.5%, ಪೊವಿಡೋನ್ ಅಯೋಡಿನ್ ಬಳಸಿದವರಲ್ಲಿ 16.1% ನಂಜು ಕಂಡಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕ್ಲೋರ್‌ಹೆಕ್ಸಿಡಿನ್ ಕಡೆ ವಾಲಿತು. ಆದರೆ 2021ರಲ್ಲಿ ಭಾರತವೂ ಸೇರಿ ಏಳು ದೇಶಗಳ 54 ಆಸ್ಪತ್ರೆಗಳಲ್ಲಿ, 5,788 ರೋಗಿಗಳ ಮೇಲೆ ನಡೆದ ಫಾಲ್ಕನ್ ಎಂಬ ಅಧ್ಯಯನದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನೂರಕ್ಕೆ 22 ಜನರಿಗೆ ಗಾಯ ನಂಜಾಗಿತ್ತು, ಯಾವ ಬಾಟಲಿ ಬಳಸಿದರೂ. ನಮ್ಮ ಜಿಲ್ಲಾ ಆಸ್ಪತ್ರೆಗಳ ಮಟ್ಟಿಗೆ ನಾನು ಇದನ್ನು ಓದುವುದು ಹೀಗೆ: ಅಗ್ಗದ ಅಯೋಡಿನ್ ಬಳಸಿದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ. 22 ಅನ್ನುವ ಸಂಖ್ಯೆಗೆ ಉತ್ತರ ಬೇರೆ ಕಡೆ ಹುಡುಕಬೇಕು.

ಆಂಟಿಸೆಪ್ಟಿಕ್ ಸೋಲುವ ಜಾಗವೂ ಗೊತ್ತಿರಲಿ. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟಾನಿ ಮಣ್ಣಿನಲ್ಲಿ, ಸಗಣಿಯಲ್ಲಿ ಸ್ಪೋರ್ ಆಗಿ ಮಲಗಿರುತ್ತದೆ. ತುಕ್ಕು ಹಿಡಿದ ಮೊಳೆ ಚುಚ್ಚಿದ ಆಳದ ತೂತಿಗೆ ಯಾವ ದ್ರವವೂ ಹೋಗುವುದಿಲ್ಲ, ಹೋದರೂ ಸ್ಪೋರ್ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅಲ್ಲಿ ಮುಖ್ಯವಾಗಿ ಕಾಪಾಡುವುದು ಲಸಿಕೆ. ಒಂದು ಕಾಲದಲ್ಲಿ ಹೊಕ್ಕುಳಬಳ್ಳಿಗೆ ಸಗಣಿ, ಬೂದಿ ಹಚ್ಚಿ ಎಷ್ಟೋ ಹಸುಗೂಸುಗಳು ಧನುರ್ವಾಯುವಿಗೆ ಬಲಿಯಾದವು. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಎರಡೂ ಸೇರಿ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶ ಅಂತ ಘೋಷಣೆಯಾಯಿತು.

ನಾಯಿ ಕಡಿತದಲ್ಲಿ ಕಥೆ ತಿರುಗುಮುರುಗು. ಇಲ್ಲಿ ತೊಳೆಯುವುದೇ ಅರ್ಧ ಜೀವ. ರೇಬೀಸ್ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ. ಕೊರೊನಾದ ಹಾಗೆ ಅದೂ ಸೋಪಿಗೆ ಹೆದರುತ್ತದೆ. ಕಡಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ಅಂದರೆ ಹದಿನೈದು, ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಳ್ಳಿ. ಆಮೇಲೆ ಪೊವಿಡೋನ್ ಅಯೋಡಿನ್, ಅಲ್ಲಿಂದ ನೇರ ಆಸ್ಪತ್ರೆಗೆ. ಲಸಿಕೆ ಬೇಕೇ ಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ. ನಮ್ಮ ಹಳ್ಳಿಗಳಲ್ಲಿ ಇನ್ನೂ ಸುಣ್ಣ, ಮೆಣಸಿನಪುಡಿ ಮೆತ್ತುವವರಿದ್ದಾರೆ. ಮತ್ತೆ ಅದೇ "ಉರಿದರೆ ವಿಷ ಇಳಿಯುತ್ತೆ" ಅನ್ನುವ ನಂಬಿಕೆ. ಉರಿಯುವ ಪುಡಿ ಚರ್ಮ ಕೆಡಿಸುತ್ತದೆ, ತೊಳೆಯಬೇಕಾದ ಹೊತ್ತನ್ನು ತಿನ್ನುತ್ತದೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸ್ ಅನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಪಟ್ಟಿಯ ಜೊತೆಗೆ ಶಾಲೆಗಳಲ್ಲಿ ಈ 15 ನಿಮಿಷದ ಪಾಠವೂ ನಡೆಯಬೇಕು ಅನ್ನುವುದು ನನ್ನ ಆಸೆ.

ಔಷಧಿಯಲ್ಲೇ ಸಂಸಾರ ಹೂಡುವವು

ಆಂಟಿಸೆಪ್ಟಿಕ್‌ಗೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತವೆಯೇ? ಆಂಟಿಬಯೋಟಿಕ್ ಅಷ್ಟು ಸುಲಭವಾಗಿ ಅಲ್ಲ, ಆದರೆ ಹೌದು. ಕೆಲವು ಸ್ಟಫೈಲೊಕಾಕಸ್ ತಳಿಗಳು ಕ್ಲೋರ್‌ಹೆಕ್ಸಿಡಿನ್, ಸೆಟ್ರಿಮೈಡ್‌ನಂಥವನ್ನು ಪಂಪು ಹಾಕಿ ಹೊರಗೆಸೆಯುವ ಜೀನ್ ಇಟ್ಟುಕೊಂಡಿವೆ. 2018ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಅಲ್ಲಿನ ಆಸ್ಪತ್ರೆಗಳಿಂದ 1997ರಿಂದ 2015ರವರೆಗೆ ಕೂಡಿಟ್ಟ, ಕರುಳಿನಲ್ಲಿ ವಾಸಿಸುವ ಎಂಟರೊಕಾಕಸ್ ಫೀಸಿಯಂ ಬ್ಯಾಕ್ಟೀರಿಯಾಗಳನ್ನು ಸ್ಯಾನಿಟೈಸರ್‌ಗೆ ಬಳಸುವ, ಆದರೆ ತೆಳು ಮಾಡಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಾಕಿ ನೋಡಿದರು. 2010ರ ನಂತರದವು ಹಳೆಯವಕ್ಕಿಂತ ಸರಾಸರಿ ಹತ್ತು ಪಟ್ಟು ಹೆಚ್ಚು ತಾಳಿಕೊಂಡವು. ಆ ವರ್ಷಗಳಲ್ಲೇ ಆಸ್ಪತ್ರೆಗಳಲ್ಲಿ ಹ್ಯಾಂಡ್‌ರಬ್ (ಸ್ಯಾನಿಟೈಸರ್) ಬಳಕೆ ಏರಿದ್ದು. ಇದನ್ನು ಓದಿ ಸ್ಯಾನಿಟೈಸರ್ ಎಸೆಯಬೇಕಿಲ್ಲ. ಸರಿಯಾದ ಸಾಂದ್ರತೆ, ಕೈ ಪೂರ್ತಿ ಒದ್ದೆಯಾಗುವಷ್ಟು ಪ್ರಮಾಣ, 20ರಿಂದ 30 ಸೆಕೆಂಡು ಉಜ್ಜುವುದು, ಇಷ್ಟಿದ್ದರೆ ಅದು ಈಗಲೂ ಒಳ್ಳೆಯ ಆಯುಧ. ತೆಳು ಮಾಡಿ, ಒಂದು ಹನಿ ಸವರಿ ಬಿಡುವುದೇ ಅಪಾಯ. ಅರೆಬರೆ ಪೆಟ್ಟು ತಿಂದವೇ ಬದುಕಲು ಕಲಿಯುವುದು.

ಸೋಪಿನ ವಿಷಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಆಂಟಿಬ್ಯಾಕ್ಟೀರಿಯಲ್ ಸೋಪುಗಳಲ್ಲಿ ಬಳಸದಂತೆ ನಿಷೇಧಿಸಿತು. ಸಾದಾ ಸೋಪು, ನೀರಿಗಿಂತ ಇವು ಹೆಚ್ಚು ಕಾಪಾಡುತ್ತವೆ ಅಂತ ತೋರಿಸಲು ಕಂಪನಿಗಳಿಗೆ ಆಗಲಿಲ್ಲ. ಮನೆಯ ಬಚ್ಚಲಿಗೆ ಸಾದಾ ಸೋಪೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ಮಗು ಕೆಸರಿನಲ್ಲಿ ಎಷ್ಟೇ ಹೊರಳಾಡಲಿ.

ಎಲ್ಲಕ್ಕಿಂತ ಬೆಚ್ಚಿಬೀಳಿಸುವುದು ಬೇರೆ. ಸ್ಯೂಡೊಮೊನಾಸ್, ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾಗಳು ತೆಳು ಮಾಡಿದ ಆಂಟಿಸೆಪ್ಟಿಕ್ ದ್ರವದಲ್ಲೇ ಬದುಕಿ ಬೆಳೆಯಬಲ್ಲವು. ಔಷಧಿ ಬಾಟಲಿಯಿಂದಲೇ ರೋಗಿಗಳಿಗೆ ನಂಜು ಹರಡಿದ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ನಾನು ಚಿಕ್ಕವನಿದ್ದಾಗ ಡ್ರೆಸಿಂಗ್‌ಗೆ ಹೋಗುತ್ತಿದ್ದ ಒಂದು ಕ್ಲಿನಿಕ್‌ನಲ್ಲಿ ಹಳದಿ ದ್ರವದ ಸ್ಟೀಲ್ ಲೋಟವೊಂದಿತ್ತು. ಅದರಲ್ಲಿ ಚಿಮಟ ಸದಾ ಮುಳುಗಿರುತ್ತಿತ್ತು, ಪಕ್ಕದ ಡಬ್ಬಿಯಲ್ಲಿ ಹತ್ತಿ ಉಂಡೆಗಳು ಅದೇ ದ್ರವದಲ್ಲಿ ನೆನೆಯುತ್ತಿದ್ದವು. ಬಹಳ ಶುದ್ಧ ಅಂತ ನಮ್ಮ ನಂಬಿಕೆ. ದ್ರವ ಖಾಲಿಯಾಗುತ್ತ ಬಂದಾಗ ಮೇಲೆ ಇನ್ನಷ್ಟು ಸುರಿಯುತ್ತಿದ್ದರು, ಲೋಟ ತೊಳೆದದ್ದು ನಾನು ನೋಡಿಲ್ಲ. ಹತ್ತಿಯ ನಾರು ಸೆಟ್ರಿಮೈಡ್ ಜಾತಿಯ ಔಷಧಿಯನ್ನು ಹೀರಿ ದ್ರವವನ್ನು ಇನ್ನೂ ದುರ್ಬಲ ಮಾಡುತ್ತದೆ ಅಂತ ಈಗ ಓದುವಾಗ ಆ ಲೋಟವೇ ಕಣ್ಣ ಮುಂದೆ ಬರುತ್ತದೆ.

ಮನೆಯಲ್ಲೂ ಅದೇ ನಿಯಮ. ನೀರು ಬೆರೆಸಿದ್ದನ್ನು ಅವತ್ತೇ ಚೆಲ್ಲಿಬಿಡಿ, ನಾಳೆಗೆ ಇಡಬೇಡಿ. ಹಳೆಯ ಬಾಟಲಿಗೆ ಹೊಸದನ್ನು ಸುರಿದು ತುಂಬಿಸಬೇಡಿ. ಮುಚ್ಚಳ ತೆರೆದ ತಾರೀಖನ್ನು ಪೆನ್ನಿನಲ್ಲಿ ಲೇಬಲ್ ಮೇಲೆ ಬರೆದಿಡಿ. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ, ಜ್ವರ ಬಂದರೆ ಬಾಟಲಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಗಾಯಕ್ಕೆ ಅಷ್ಟು ದಿನ ಕಾಯುವುದೂ ಬೇಡ, ಮೊದಲ ದಿನವೇ ತೋರಿಸಿ.